ಒಂದೇ ಕಿಟಕಿ, ಮೂರು ಕೀಟಾಹಾರಿ ಗಿಡಗಳು: ನೊಣ ಹಿಡಿದದ್ದು ಯಾವುದು?

ನೊಣ, ಸೊಳ್ಳೆ, ಗುಂಗುರುಗಳ ಕಾಟಕ್ಕೆ ಉಪಾಯವಾದೀತೆಂದು ಮೂರು ಕೀಟಾಹಾರಿ ಗಿಡಗಳನ್ನು ಒಂದೇ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೆ: ವೀನಸ್ ಫ್ಲೈಟ್ರ್ಯಾಪ್, ಡ್ರಾಸೆರಾ, ಹೂಜಿಗಿಡ. ವರ್ಷವಾಯಿತು. ಕಾಟ ತಪ್ಪಿಲ್ಲ. ಮೂರರಲ್ಲಿ ಕೆಲಸಗಾರ ಯಾರು, ಬರೀ ಶೋಕಿಲಾಲ ಯಾರು ಅನ್ನುವುದಂತೂ ಗೊತ್ತಾಗಿದೆ.

ನೋಡುವವರೆಲ್ಲ ಮೊದಲು ನಿಲ್ಲುವುದು ಫ್ಲೈಟ್ರ್ಯಾಪ್ ಮುಂದೆ. ಅದರ ಎಲೆಯ ತುದಿಯೇ ಎರಡು ಹೋಳಿನ ಬಾಯಿ; ಒಂದೊಂದು ಹೋಳಿನ ಒಳಮೈಯಲ್ಲೂ ಸಾಮಾನ್ಯವಾಗಿ ಮೂರು ಸಣ್ಣ ರೋಮಗಳಿರುತ್ತವೆ. ಒಂದು ಸಲ ಮುಟ್ಟಿದರೆ ಗಿಡ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಇನ್ನೊಮ್ಮೆ ತಾಗಿದರೆ ಗಬಕ್ಕನೆ ಮುಚ್ಚಿಕೊಳ್ಳುತ್ತದೆ. ಮಳೆಹನಿಗೋ ಹಾರಿಬಂದ ಕಸಕ್ಕೋ ಮೋಸಹೋಗದಿರಲು ಈ ಎಣಿಕೆ. ಎಣಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಸಿಕ್ಕಿಬಿದ್ದದ್ದು ಒದ್ದಾಡಿ ರೋಮಗಳನ್ನು ಮತ್ತೆ ಮತ್ತೆ ತಾಗಿದರೇನೇ ಜೀರ್ಣರಸ ಒಸರುವುದು. ಇದು ಗೊತ್ತಿಲ್ಲದೆ ಸತ್ತ ನೊಣವೊಂದನ್ನು ಚಿಮಟದಲ್ಲಿ ಹಿಡಿದು ಒಳಗಿಟ್ಟೆ. ಮುಚ್ಚಿತು. ಮಾರನೇ ದಿನ ನೋಡಿದರೆ ಬಾಯಿ ಅರೆ ತೆರೆದಿದೆ, ನೊಣ ಹಾಗೇ ಕೂತಿದೆ! ಮುಂದಿನ ಸಲ ಮುಚ್ಚಿದ ಮೇಲೆ ಹೊರಗಿನಿಂದ ಬೆರಳಲ್ಲಿ ಮೆಲ್ಲಗೆ ಅಮುಕಿ ಅಮುಕಿ ಬಿಟ್ಟೆ. ಜೀವಂತ ಬೇಟೆಯೆಂದೇ ನಂಬಿತು. ಹತ್ತು ದಿನಕ್ಕೆ ತೆರೆದಾಗ ಉಳಿದಿದ್ದು ರೆಕ್ಕೆ, ಒಣ ಸಿಪ್ಪೆ ಅಷ್ಟೇ.

ಆಟ ಚೆನ್ನಾಗಿದೆ, ಬೇಟೆ ಸಾಲದು. ಒಂದು ಊಟಕ್ಕೆ ಒಂದು ಬಾಯಿ ಅಷ್ಟು ದಿನ ಬಂದ್. ನಾಲ್ಕಾರು ಸಲ ಮುಚ್ಚಿ ತೆರೆದರೆ ಕಪ್ಪಾಗಿ ಒಣಗಿಹೋಗುತ್ತದೆ. ನನ್ನ ಗಿಡದ ಬಾಯಿಗಳಲ್ಲಿ ಅರ್ಧಕ್ಕರ್ಧ ಸವೆದದ್ದು ನೊಣದಿಂದಲ್ಲ, ನೋಡಲು ಬಂದವರ ಬೆರಳಿನಿಂದ. ಚಳಿಗಾಲದ ನಿದ್ದೆ ಬೇರೆ ಬೇಕು ಅದಕ್ಕೆ.

ಇದು ನನ್ನ ಎರಡನೇ ಫ್ಲೈಟ್ರ್ಯಾಪ್ ಎಂದು ಒಪ್ಪಿಕೊಳ್ಳಬೇಕು. ಮೊದಲನೆಯದು ಕೀಟ ಸಿಗದೆ ಸೊರಗಿದೆ ಎಂದುಕೊಂಡು ಕುಂಡಕ್ಕೆ ಗೊಬ್ಬರ ಹಾಕಿದೆ. ಎರಡು ವಾರದಲ್ಲಿ ಸತ್ತಿತು. ಆಮೇಲೆ ತಿಳಿಯಿತು: ಈ ಗಿಡಗಳಿಗೆ ಕೀಟ ಹೊಟ್ಟೆಪಾಡಲ್ಲ. ಸಕ್ಕರೆಯನ್ನು ಅವೂ ಉಳಿದ ಗಿಡಗಳ ಹಾಗೆ ಬಿಸಿಲಿನಲ್ಲೇ ತಯಾರಿಸಿಕೊಳ್ಳುತ್ತವೆ. ಅವು ಬೆಳೆಯುವ ಜೌಗು ನೆಲದಲ್ಲಿ ಇಲ್ಲದ್ದು ಸಾರಜನಕ, ರಂಜಕ. ಅದನ್ನು ಕೀಟದ ಮೈಯಿಂದ ಹೀರುತ್ತವೆ. ಎಲೆಯನ್ನು ಬಲೆಯಾಗಿಸಿದರೆ ಬಿಸಿಲು ಹಿಡಿಯುವ ಕೆಲಸ ಕುಂಟುತ್ತದೆ. ಹಾಗಾಗಿ ಬಿಸಿಲು, ನೀರು ಧಾರಾಳವಿದ್ದು ಮಣ್ಣು ಮಾತ್ರ ಬಡವಾಗಿರುವ ಕಡೆ ಈ ವ್ಯಾಪಾರ ಗಿಟ್ಟುತ್ತದೆ. ಬಡ ಮಣ್ಣಿಗೆ ಒಗ್ಗಿದ ಬೇರಿಗೆ ಗೊಬ್ಬರ ವಿಷವಾಯಿತು. ನಲ್ಲಿನೀರಿನ ಲವಣವೂ ಆಗದು; ಈಗ ಮೂರಕ್ಕೂ ಮಳೆನೀರೇ.

ಗೆದ್ದದ್ದು, ಯಾರೂ ಕಣ್ಣೆತ್ತಿ ನೋಡದ ಡ್ರಾಸೆರಾ. ಎಲೆ ತುಂಬ ಕೆಂಪು ಕೂದಲು, ಒಂದೊಂದರ ತುದಿಯಲ್ಲೂ ಬಿಸಿಲೇರಿದರೂ ಆರದ ಇಬ್ಬನಿಯಂಥ ಅಂಟು ಹನಿ. ಒಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತೆ. ಗುಂಗುರೊಂದು ಎಲೆಯ ಅಂಚಿಗೆ ಕಾಲೂರಿತು. ಕಾಲೆತ್ತಿದರೆ ಅಂಟು ನೂಲಾಗಿ ಎಳೆಯುತ್ತದೆ. ಆ ಕಾಲು ಬಿಡಿಸುವಷ್ಟರಲ್ಲಿ ರೆಕ್ಕೆ ತಾಗಿತು. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದ ಕೂದಲುಗಳು ಒಂದೊಂದಾಗಿ ಅದರತ್ತ ಬಾಗತೊಡಗಿದವು. ಸಂಜೆಗೆ ಎಲೆಯೇ ಮಡಚಿಕೊಂಡಿತ್ತು. ಅಂಟು ಉಸಿರಾಟದ ರಂಧ್ರಗಳನ್ನು ಮುಚ್ಚಿ ಕೀಟ ಸಾಯುತ್ತದೆ. ನೋಡಲು ಹಿತವಲ್ಲ, ಆದರೂ ಕಣ್ಣು ಕೀಳಲಾಗಲಿಲ್ಲ. ಅದೇ ಎಲೆಯ ಮೇಲೆ ಎಣಿಸಿದೆ: ಹನ್ನೊಂದು ಗುಂಗುರು. ಫ್ಲೈಟ್ರ್ಯಾಪಿನ ಇಡೀ ತಿಂಗಳ ಲೆಕ್ಕ ಮೂರು.

ಕೀಟಾಹಾರಿ ಗಿಡಗಳ ಮೇಲೆ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪುಸ್ತಕವನ್ನೇ ಬರೆದ. ತಿಂದದ್ದರಿಂದ ಗಿಡಕ್ಕೆ ನಿಜಕ್ಕೂ ಲಾಭವಿದೆಯೇ ಎಂಬುದನ್ನು ಮಗ ಫ್ರಾನ್ಸಿಸ್ 1878ರಲ್ಲಿ ತೋರಿಸಿದ. ಡ್ರಾಸೆರಾಗಳಿಗೆ ಮಾಂಸದ ಚೂರು ತಿನ್ನಿಸಿದ; ತಿಂದವು ಹೆಚ್ಚು ಬೀಜ ಕಟ್ಟಿದವು. ನನ್ನದು ಅಕ್ಕಪಕ್ಕದ ಕುಂಡಗಳಲ್ಲೆಲ್ಲ ಮೊಳೆತು ನಿಂತಿದೆ, ಪ್ರಯೋಗ ಬೇಕಿಲ್ಲ.

ಹೂಜಿಗಿಡ ನನ್ನ ಮಟ್ಟಿಗೆ ಸೋತಿತು, ತಪ್ಪು ಗಿಡದ್ದಲ್ಲ. ಹೂಜಿಯೆಂದರೆ ಎಲೆಯ ತುದಿಯೇ ಉಬ್ಬಿ ಆದದ್ದು. ಗಾಳಿಯಲ್ಲಿ ತೇವ ಸಾಲದಿದ್ದರೆ ಆ ತುದಿ ಕಡ್ಡಿಯಂತೆ ಒಣಗುತ್ತದೆ. ಕಿಟಕಿಯಲ್ಲಿ ಆಗಿದ್ದು ಅದೇ. ಬಚ್ಚಲುಮನೆಯ ಬೆಳಕಿಂಡಿಗೆ ಸಾಗಿಸಿದ ಮೇಲೆ ಎರಡು ಹೂಜಿ ಕಟ್ಟಿತು. ಹೂಜಿಯ ಬಾಯಂಚು ಒಣಗಿದ್ದಾಗ ಇರುವೆಗಳು ಜೇನು ನೆಕ್ಕಿಕೊಂಡು ಆರಾಮಾಗಿ ಓಡಾಡಿದವು. ನೀರು ಚಿಮುಕಿಸಿದೆನೋ ಇಲ್ಲವೋ, ಅದೇ ಅಂಚಿನಿಂದ ಒಂದರ ಹಿಂದೊಂದು ಜಾರಿ ಒಳಗಿನ ರಸಕ್ಕೆ ಬಿದ್ದವು. ತೇವವಾದ ಅಂಚಿನ ಮೇಲೆ ನೀರಿನ ಪದರ ನಿಂತು ಕಾಲಿಗೆ ಹಿಡಿತವೇ ಸಿಗದು.

ಗುಂಗುರು ಕಾಟಕ್ಕಾದರೆ ಡ್ರಾಸೆರಾ ತನ್ನಿ, ಆಟಕ್ಕಾದರೆ ಫ್ಲೈಟ್ರ್ಯಾಪ್. ಸೊಳ್ಳೆ ಹಿಡಿಸಲೆಂದು ಮಾತ್ರ ಹೂಜಿಗಿಡ ತರಬೇಡಿ: ಕಾಡಿನಲ್ಲಿ ಕೆಲವು ಜಾತಿಯ ಸೊಳ್ಳೆಮರಿಗಳು ಬೆಳೆಯುವುದೇ ಅದರ ಹೂಜಿಯೊಳಗೆ.