ಮಸಾಯಿ ಮಾರಾದಲ್ಲಿ ‘ನದಿ ದಡದ ಟೆಂಟು’ ಬುಕ್ ಮಾಡುವವರು ದುಡ್ಡು ಕಳಿಸುವ ಮೊದಲು ಇದನ್ನು ಓದಿ

ಕೆನ್ಯಾದ ಮಸಾಯಿ ಮಾರಾ ವನ್ಯಜೀವಿ ರಿಸರ್ವ್ ಒಳಗಡೆ, ಮಾರಾ ನದಿಯ ದಡದಲ್ಲೇ, ಬೆರಳೆಣಿಕೆಯಷ್ಟು ಟೆಂಟುಗಳಿರುವ ಪುಟ್ಟ ಕ್ಯಾಂಪ್. ವರಾಂಡದಲ್ಲಿ ಕಾಫಿ ಕುಡೀತಾ ವೈಲ್ಡ್‌ಬೀಸ್ಟ್ ಅನ್ನೋ ಕಾಡುಪ್ರಾಣಿಗಳ ಹಿಂಡು ನದಿ ದಾಟೋದನ್ನು ನೋಡಬಹುದು. ಪಾರ್ಕ್ ಫೀ ಸೇರಿ ಎಲ್ಲವೂ ಇನ್‌ಕ್ಲೂಡೆಡ್. ಬೆಂಗಳೂರಿನ ಟೂರ್ ಏಜೆಂಟ್ ಬಾಯಲ್ಲಿ ಹೇಳಿದ್ದು ಇದು, ಪಿಡಿಎಫ್ ಮಾಡಿ ಕಳಿಸಿದ್ದೂ ಇದೇ. ಅಲ್ಲಿಗೆ ಹೋಗಿ ಇಳಿದ ಮೇಲೆ ಇದರಲ್ಲಿ ಮುಖ್ಯವಾದ ಒಂದು ಮಾತೂ ನಿಜ ಆಗಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಹೋಗಿದ್ದು. ನಾನು, ನನ್ನ ಗಂಡ, ಅತ್ತೆ, 13 ವರ್ಷದ ಮಗಳು. ಇದಕ್ಕಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟಿದ್ದೆವು. ಯೆಲ್ಲೋ ಫೀವರ್ ಲಸಿಕೆ, ಕೆನ್ಯಾಗೆ ಹೋಗೋಕೆ ಬೇಕಾದ ಆನ್‌ಲೈನ್ ಅನುಮತಿ (ಇಟಿಎ), ವಿಮಾನದ ಟಿಕೆಟ್ ಎಲ್ಲ ನಾನೇ ಓಡಾಡಿ ಮಾಡಿದೆ. ಕ್ಯಾಂಪ್ ಬಗ್ಗೆ ಏಜೆಂಟ್‌ಗೆ ಎರಡು ಪ್ರಶ್ನೆ ಸ್ಪಷ್ಟವಾಗಿ ಕೇಳಿದ್ದೆ, ವಾಟ್ಸಾಪ್‌ನಲ್ಲಿ ಇನ್ನೂ ಇದೆ. ಮಾರಾ ನದಿ ದಡದಲ್ಲೇ ಇದೆಯಾ? ರಿಸರ್ವ್ ಒಳಗಡೆ ಇದೆಯಾ? ಎರಡಕ್ಕೂ ‘ಹೌದು ಅಕ್ಕಾ, 100 ಪರ್ಸೆಂಟ್’ ಅಂತ ಉತ್ತರ. ಜೊತೆಗೆ ಒಂದು ಫೋಟೋ. ದೊಡ್ಡ ಮರದ ಕೆಳಗೆ ಎರಡು ಕ್ಯಾನ್ವಾಸ್ ಕುರ್ಚಿ, ಎದುರಿಗೆ ಅಗಲವಾದ ನದಿ, ನೀರಿನಲ್ಲಿ ಹಿಪ್ಪೋಗಳ ಹಿಂಡು. ಆ ಫೋಟೋ ತೋರಿಸಿಯೇ ನಾನು ಅತ್ತೆಯವರನ್ನು ಒಪ್ಪಿಸಿದ್ದು. ಮಂಡಿ ನೋವು, ನಾನು ಬರಲ್ಲಮ್ಮ ಅಂತಿದ್ದರು. ಟೆಂಟಿನ ಮುಂದೆ ಕೂತರೆ ಸಾಕು ಅತ್ತೆ, ಎಲ್ಲ ಅಲ್ಲೇ ಕಾಣತ್ತೆ ಅಂತ ಹೇಳಿದ್ದೆ.

ನೈರೋಬಿಯಿಂದ ಬೆಳಗ್ಗೆ ಹೊರಟೆವು. ಲ್ಯಾಂಡ್ ಕ್ರೂಸರ್ ಅಂದಿದ್ದರು, ಬಂದದ್ದು ಹಳೇ ಸಫಾರಿ ವ್ಯಾನು. ಸರಿ, ಹೋಗಲಿ ಅಂದುಕೊಂಡೆವು. ನಾರೋಕ್ ಪಟ್ಟಣ ದಾಟಿ, ರಿಸರ್ವ್‌ನ ಸೆಕೆನಾನಿ ಗೇಟಿನ ಕಡೆಯ ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿದು, ಕೊನೆಗೆ ಗಾಡಿ ನುಗ್ಗಿದ್ದು ಒಂದು ಊರಿನೊಳಗೆ. ತಗಡಿನ ಅಂಗಡಿಗಳು, ಮೊಬೈಲ್‌ನಲ್ಲಿ ದುಡ್ಡು ಕಳಿಸುವ ಎಂ-ಪೆಸಾದ ಹಸಿರು ಬಣ್ಣದ ಗೂಡುಗಳು, ಬೋಡಾಬೋಡಾ ಅನ್ನೋ ಬಾಡಿಗೆ ಬೈಕುಗಳು, ಧೂಳು. ಡ್ರೈವರ್ ನೀರು ತಗೊಳ್ಳೋಕೆ ನಿಲ್ಲಿಸುತ್ತಿದ್ದಾನೆ ಅಂದುಕೊಂಡೆ. ಅವನು ಅಂಗಡಿಗಳ ಹಿಂದಿನ ಗಲ್ಲಿಗೆ ತಿರುಗಿಸಿ, ಒಂದು ಬಿದಿರಿನ ಗೇಟಿನ ಮುಂದೆ ನಿಲ್ಲಿಸಿ ‘ಕರಿಬು (ಸ್ವಾಗತ), ಕ್ಯಾಂಪ್ ಬಂತು’ ಅಂದ.

ಅದು ತಾಲೆಕ್ ಊರು. ರಿಸರ್ವ್‌ನ ಹೊರಗೆ. ತಾಲೆಕ್ ನದಿ ರಿಸರ್ವ್‌ನ ಗಡಿ, ಅದರ ಈಚೆ ದಡದಲ್ಲಿ ಸಾಲಾಗಿ ಕ್ಯಾಂಪುಗಳಿವೆ. ಅವುಗಳಲ್ಲಿ ಒಳ್ಳೆಯವೂ ಇವೆ, ತಾವು ಎಲ್ಲಿದ್ದೇವೆ ಅಂತ ಸರಿಯಾಗಿ ಹೇಳಿಕೊಂಡೇ ವ್ಯಾಪಾರ ಮಾಡುತ್ತವೆ. ಅವರ ಬಗ್ಗೆ ನನ್ನ ತಕರಾರಿಲ್ಲ. ನಮಗೆ ಹೇಳಿದ್ದು ಮಾರಾ ನದಿ. ಫೋನಿನಲ್ಲಿ ಮ್ಯಾಪ್ ತೆಗೆದು ನೋಡಿದರೆ ಮಾರಾ ನದಿ ಎಲ್ಲೋ ಪಶ್ಚಿಮಕ್ಕಿದೆ, ಕ್ರಾಸಿಂಗ್ ಆಗುವ ಜಾಗಗಳಿಗೆ ಹೋಗಬೇಕಾದರೆ ಗೇಟು ದಾಟಿ ಗಂಟೆಗಿಂತ ಜಾಸ್ತಿ ಗಾಡಿ ಓಡಿಸಬೇಕು.

ಟೆಂಟುಗಳ ಆಚೆ ಹೋಗಿ ನದಿ ನೋಡಿದೆ. ಕಲ್ಲುಗಳ ನಡುವೆ ಅಲ್ಲಲ್ಲಿ ನಿಂತ ಕಂದು ನೀರು. ಈಚೆ ದಡದಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಸೋಪಿನ ನೊರೆ ಕಲ್ಲಿನ ಸುತ್ತ ನಿಂತಿತ್ತು. ಪಾಪ, ಅವರ ಊರು, ಅವರ ನೀರು. ಆದರೆ ನಾನು ಅಲ್ಲೇ ನಿಂತುಬಿಟ್ಟೆ. ಹಿಂದೆ ಅತ್ತೆ ಕೋಲು ಊರಿಕೊಂಡು ನಿಧಾನಕ್ಕೆ ಬಂದು ‘ಇದೇನಾ ಕಣೇ ನೀನು ತೋರಿಸಿದ್ದ ನದಿ?’ ಅಂತ ಕೇಳಿದರು. ಬೈಯಲಿಲ್ಲ, ಸುಮ್ನೆ ಕೇಳಿದರು. ನನಗೆ ಅವರ ಮುಖ ನೋಡೋಕೆ ಆಗಲಿಲ್ಲ.

ಕ್ಯಾಂಪ್ ಮ್ಯಾನೇಜರ್ ಹತ್ತಿರ ಹೋಗಿ ಪಿಡಿಎಫ್ ತೋರಿಸಿದೆ. ಅವನು ಒಂದು ನಿಮಿಷ ಫೋನ್ ನೋಡಿ, ತಣ್ಣಗೆ ‘ಮೇಡಂ, ಈ ತಾಲೆಕ್ ಹೋಗಿ ಸೇರೋದು ಮಾರಾಗೇ ಅಲ್ವಾ, ಅದೇ ನೀರು’ ಅಂದ. ಕಾವೇರಿ ದಡದ ರೂಮು ಅಂತ ದುಡ್ಡು ತಗೊಂಡು, ಲೋಕಪಾವನಿ ಪಕ್ಕದಲ್ಲಿ ಇಳಿಸಿ, ಹೇಗೂ ಇದು ಕಾವೇರಿಗೇ ಸೇರತ್ತಲ್ಲ ಅಂದ ಹಾಗೆ. ಇಷ್ಟು ಸಲೀಸಾಗಿ ಬರಬೇಕಾದರೆ ಈ ಉತ್ತರವನ್ನು ಅವನು ನಮಗಿಂತ ಮೊದಲು ಎಷ್ಟು ಜನಕ್ಕೆ ಕೊಟ್ಟಿರಬೇಕು!

ಬೆಂಗಳೂರಿಗೆ ಫೋನ್ ಮಾಡಿದರೆ ಏಜೆಂಟ್ ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಉತ್ತರ ಬಂತು. ‘ಅಕ್ಕಾ, ಆ ಕಡೆ ಎಲ್ಲಾನೂ ಮಾರಾ ಅಂತಾನೇ ಕರೀತಾರೆ.’ ನಾನು ಅವನದೇ ಪಿಡಿಎಫ್ ಅವನಿಗೇ ಕಳಿಸಿದೆ. ‘ಅದು ಹಳೇ ಪಿಡಿಎಫ್ ಅಕ್ಕಾ.’ ಅಡ್ವಾನ್ಸ್ ತಗೊಂಡ ದಿನ ಅವನೇ ಕಳಿಸಿದ್ದು! ‘ನಮ್ಮೋರಿಗೆ ನಾವು ಮೋಸ ಮಾಡ್ತೀವಾ? ನೀವು ಎಂಜಾಯ್ ಮಾಡಿ, ಬಂದ್ಮೇಲೆ ಕೂತು ಮಾತಾಡೋಣ.’ ಆಮೇಲೆ ಒಂದು ಕೈ ಮುಗಿಯುವ ಚಿಹ್ನೆ. ಅಷ್ಟೇ. ಮಾರನೇ ದಿನದವರೆಗೆ ಮಾತಿಲ್ಲ.

ಇನ್ನು ಪಾರ್ಕ್ ಫೀ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ, ನಿಜವಾದ ಕತ್ತರಿ ಬೀಳೋದು ಇಲ್ಲೇ. ವಿದೇಶದಿಂದ ಬಂದ ದೊಡ್ಡವರಿಗೆ ಮಸಾಯಿ ಮಾರಾ ಫೀ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 2024ರಿಂದ ಹೀಗಿದೆ. 9ರಿಂದ 17 ವರ್ಷದ ಮಕ್ಕಳಿಗೆ 50. ಟಿಕೆಟ್ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಅಂದರೆ ನಮ್ಮ ಮನೆಯವರಿಗೆ ಒಂದು ದಿನಕ್ಕೆ 650 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 57 ಸಾವಿರ ರೂಪಾಯಿ. ಇಷ್ಟು ದುಡ್ಡಿನ ವಿಷಯ ಇದು.

ನಾವು ಕ್ಯಾಂಪ್ ಮುಟ್ಟಿದ್ದು ಮಧ್ಯಾಹ್ನ ಜಾರಿದ ಮೇಲೆ. ಪ್ಲಾನ್‌ನಲ್ಲಿ ‘ಸಂಜೆಯ ಗೇಮ್ ಡ್ರೈವ್’, ಅಂದರೆ ಗಾಡಿಯಲ್ಲಿ ಪ್ರಾಣಿ ನೋಡುವ ಸುತ್ತಾಟ, ಇದೆ ಅಂತ ಡ್ರೈವರ್ ತಕ್ಷಣ ಕರೆದುಕೊಂಡು ಹೊರಟ. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, 300 ಡಾಲರ್ ಕೊಡಿ ಅಂದ. ಯಾಕೆ? ನಿಮ್ಮ ಏಜೆಂಟ್ ಕಟ್ಟಿರೋದು 100 ಡಾಲರ್ ಲೆಕ್ಕದಲ್ಲಿ, ವ್ಯತ್ಯಾಸ ನೀವು ಕೊಡಬೇಕಂತೆ. ಹಿಂದೆ ಬೇರೆ ಗಾಡಿಗಳು ನಿಂತಿವೆ, ಬಿಸಿಲು, ಮಗಳು ಒಳಗೆ ಹೋಗೋಣಮ್ಮ ಅಂತಿದ್ದಾಳೆ. ಅಲ್ಲಿ ಏನು ಮಾಡ್ತೀರಿ? ಕೊಟ್ಟೆವು. ಎರಡು ಗಂಟೆ ಕೂಡ ಒಳಗಿರಲಿಲ್ಲ, 6 ಗಂಟೆಯೊಳಗೆ ಆಚೆ ಬರಬೇಕು ಅಂತ ವಾಪಸ್ ಓಡಿಸಿದ. ಇಡೀ ದಿನದ ಟಿಕೆಟ್ ಅಷ್ಟಕ್ಕೇ ಹೋಯಿತು. ಮಾರನೇ ದಿನ ಮತ್ತೆ ಅದೇ 300 ಡಾಲರ್.

ಏಜೆಂಟ್‌ನನ್ನು ಕೇಳಿದರೆ ‘ಅಕ್ಕಾ, ನೀವು ಬುಕ್ ಮಾಡಿದ್ದು ಮೇ ತಿಂಗಳಲ್ಲಿ, ಆಗ ರೇಟ್ 100 ಇತ್ತು’ ಅಂತಾನೆ! ನಾವು ಹೋಗೋದು ಆಗಸ್ಟ್‌ನಲ್ಲಿ ಅಂತ ಅವನಿಗೆ ಗೊತ್ತಿಲ್ವಾ? ಟಿಕೆಟ್‌ಗೆ ಲೆಕ್ಕ ಒಳಗೆ ಹೋಗುವ ದಿನದ್ದೇ ಹೊರತು, ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟ ದಿನದ್ದಲ್ಲ. ದಿನಾ ಇದೇ ವ್ಯಾಪಾರ ಮಾಡುವವನಿಗೆ ಇದು ತಿಳಿಯದೇ ಇರತ್ತಾ?

ಹೊರಡುವ ದಿನ ಬೆಳಗ್ಗೆಯೂ ಒಂದು ಡ್ರೈವ್ ಇತ್ತು, ಪ್ಲಾನ್‌ನಲ್ಲಿ ಅಚ್ಚಾಗಿದೆ. ರಿಸರ್ವ್ ಒಳಗೆ ಉಳಿದವರು ಹೊರಡುವ ದಿನ 10 ಗಂಟೆಯೊಳಗೆ ಗೇಟು ದಾಟಿದರೆ ಆ ದಿನಕ್ಕೆ ಮತ್ತೆ ಫೀ ಇಲ್ಲ. ಹೊರಗೆ ಉಳಿದವರು ಒಳಗೆ ಹೋದ ಪ್ರತಿ ದಿನಕ್ಕೂ ಕಟ್ಟಬೇಕು. ನಾವು ಹೊರಗಿದ್ದೆವಲ್ಲ, ಪೂರ್ತಿ 650 ಡಾಲರ್ ಕೇಳಿದರು. ಆಗಲ್ಲ ಅಂದೆವು. ಮಗಳು ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡು ರೆಡಿಯಾಗಿ ಕೂತಿದ್ದಳು. ಅವಳಿಗೆ ಹೇಳೋದು ಹೇಗೆ? ‘ಒಳಗೆ’ ಅಂತ ಹೇಳಿ ‘ಹೊರಗೆ’ ಇಳಿಸಿದ್ದು ಬರೀ ನೋಟದ ಪ್ರಶ್ನೆ ಅಲ್ಲ. ಅದು ಸೀದಾ ಜೇಬಿಗೆ ಬೀಳುವ ಪೆಟ್ಟು.

ಟೆಂಟಿನ ಬಗ್ಗೆಯೂ ಹೇಳಬೇಕು. ನದಿ ಕಡೆಯ ಟೆಂಟುಗಳನ್ನು ಬೇರೆ ಗುಂಪಿಗೆ ಕೊಟ್ಟಿದ್ದರು. ನಮಗೆ ಕೊಟ್ಟದ್ದು ಹಿಂದಿನ ಸಾಲು, ಜನರೇಟರ್ ಪಕ್ಕ. ರಾತ್ರಿ ಅದು ಆಫ್ ಆಗುವವರೆಗೆ ಡೀಸೆಲ್ ಹೊಗೆ ಒಳಗೇ. ಅತ್ತೆಯವರ ಟೆಂಟಿನ ಜಿಪ್ ಅರ್ಧಕ್ಕೆ ಕಿತ್ತುಹೋಗಿತ್ತು. ಕೆಳಗಡೆ ಮೊಳದುದ್ದ ಹಲ್ಲೇ ಇಲ್ಲ, ಅದನ್ನು ನೈಲಾನ್ ಹಗ್ಗ ಪೋಣಿಸಿ ಬಿಗಿದಿದ್ದರು. ಒಳಗಿನಿಂದ ಬಿಚ್ಚಬೇಕಾದರೆ ಬಗ್ಗಿ ಕೂತು ಗಂಟು ಬಿಡಿಸಬೇಕು. ಮಂಡಿ ನೋವಿನವರು ರಾತ್ರಿ ಹೇಗೆ ಏಳೋದು? ಅಲ್ಲಿ ಬೇಲಿಯೂ ಇಲ್ಲ, ಕತ್ತಲಾದ ಮೇಲೆ ಹಿಪ್ಪೋಗಳು ಮೇಯೋಕೆ ದಡಕ್ಕೆ ಬರುತ್ತವೆ ಅಂತ ಅವರೇ ಎಚ್ಚರಿಕೆ ಹೇಳಿ, ಕಾವಲಿನ ಮಸಾಯಿ ಹುಡುಗನ ಜೊತೆ ಇಲ್ಲದೆ ಹೊರಗೆ ಕಾಲಿಡಬೇಡಿ ಅಂತಾರೆ. ಅಂಥ ಜಾಗದಲ್ಲಿ ಹರಿದ ಜಿಪ್. ಮ್ಯಾನೇಜರ್‌ಗೆ ಹೇಳಿದರೆ ‘ಪೋಲೆ ಸಾನಾ (ತುಂಬಾ ಸಾರಿ), ನಾಳೆ ಸರಿ ಮಾಡಿಸ್ತೀನಿ.’ ನಾಳೆಯೂ ‘ಪೋಲೆ ಸಾನಾ.’ ಕೊನೆಗೆ ನಾನು ಅತ್ತೆ ಜೊತೆ ಮಲಗಿದೆ, ಗಂಡ ಮಗಳ ಜೊತೆ.

ಬಚ್ಚಲಿನ ಸಿಮೆಂಟ್ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕೆಸರಿನ ಗೆರೆ ಇತ್ತು. ಅದೇನು ಅಂತ ಕೇಳಿದ್ದಕ್ಕೆ ಮ್ಯಾನೇಜರ್ ‘ಅದು ಹಳೇದು ಮೇಡಂ’ ಅಂದ. 2024ರ ಮೇ ಶುರುವಿನಲ್ಲಿ ಜೋರು ಮಳೆಗೆ ತಾಲೆಕ್ ಉಕ್ಕಿ ದಡದ ಹತ್ತಾರು ಕ್ಯಾಂಪುಗಳಿಗೆ ನೀರು ನುಗ್ಗಿತ್ತು, ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋದರು. ಸುದ್ದಿಯಲ್ಲೂ ಬಂದಿತ್ತು. ಹಿಂದಿನ ಸಾಲಿಗೇ ಅಷ್ಟು ನೀರು ಬಂದಿದ್ದರೆ ಮುಂದಿನ ಸಾಲು ಏನಾಗಿರಬೇಕು? ಮಳೆಗಾಲದಲ್ಲಿ ಹೋಗುವವರಿಗೆ ಇದನ್ನು ಯಾರಾದರೂ ಹೇಳ್ತಾರಾ?

ಅಡುಗೆ ಮಾಡುವಾತ ಮಾತ್ರ ಬಂಗಾರದಂಥ ಮನುಷ್ಯ. ಸಸ್ಯಾಹಾರಿಗಳು ಅಂದ ಕೂಡಲೇ ಚಪಾತಿ, ಬೀನ್ಸ್, ಸುಕುಮಾ ಸೊಪ್ಪಿನ ಪಲ್ಯ ಬಿಸಿಬಿಸಿ ಮಾಡಿಕೊಟ್ಟ, ಅತ್ತೆಯವರಿಗೆ ರಾತ್ರಿ ಬಿಸಿನೀರಿನ ಚೀಲ ತಂದುಕೊಟ್ಟ. ಕಾವಲಿನ ಹುಡುಗನೂ ಅಷ್ಟೇ. ಆ ಹುಡುಗರ ಮೇಲೆ ನನಗೆ ಒಂದು ಚೂರೂ ಬೇಸರ ಇಲ್ಲ. ಮೋಸ ಮಾಡಿದ್ದು ದುಡ್ಡು ತಗೊಂಡವರು.

ಬುಕ್ ಮಾಡುವವರಿಗೆ ನನ್ನದು ಇಷ್ಟೇ. ಫೋಟೋ ಬೇಡ, ಕ್ಯಾಂಪಿನ ಲೊಕೇಶನ್ ಪಿನ್ ಕೇಳಿ, ನೀವೇ ಮ್ಯಾಪ್‌ನಲ್ಲಿ ನೋಡಿ. ನದಿ ಯಾವುದು, ಗೇಟಿನ ಒಳಗಾ ಹೊರಗಾ, ಟೆಂಟ್ ಯಾವ ಸಾಲು, ಎಲ್ಲ ಬರೆಸಿಕೊಳ್ಳಿ. ‘ಪಾರ್ಕ್ ಫೀ ಸೇರಿದೆ’ ಅಂದರೆ ಯಾವ ದರದಲ್ಲಿ, ಯಾವ ಯಾವ ದಿನಕ್ಕೆ ಅಂತ ಕೇಳಿ. ಕ್ಯಾಂಪಿಗೆ ನೀವೇ ಒಂದು ಮೇಲ್ ಹಾಕಿ ನಿಮ್ಮ ಹೆಸರಲ್ಲಿ ಯಾವ ಟೆಂಟ್ ಇದೆ ಅಂತ ವಿಚಾರಿಸಿ. ‘ನಮ್ಮೋರು’, ‘ಅಕ್ಕಾ’ ಅನ್ನುವ ಮಾತಿಗೆ ಒಂದು ರೂಪಾಯಿ ಬೆಲೆ ಕೊಡಬೇಡಿ.

ವಾಪಸ್ ಬಂದ ಮೇಲೆ ಏಜೆಂಟ್‌ನ ಆಫೀಸಿಗೇ ಹೋದೆವು. ಟೀ ತರಿಸಿದ. ತಪ್ಪೆಲ್ಲ ಕೆನ್ಯಾದವರದ್ದು, ನಾನು ಬರೀ ಮಧ್ಯದವನು ಅಂದ. ಹಾಗಾದರೆ ನಮ್ಮ ದುಡ್ಡು ತಗೊಂಡಿದ್ದು ಯಾರು, ಬಿಲ್ ಯಾರ ಹೆಸರಲ್ಲಿದೆ? ಅದಕ್ಕೆ ಉತ್ತರ ಇಲ್ಲ. ಕೊನೆಗೆ, ಥಾಯ್ಲೆಂಡ್ ಪ್ಯಾಕೇಜ್ ಬುಕ್ ಮಾಡಿದರೆ 10 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ ಅಕ್ಕಾ ಅಂದ. ನನ್ನ ಗಂಡ ಕುಡಿಯದ ಟೀ ಅಲ್ಲೇ ಬಿಟ್ಟು ಎದ್ದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಪಿಡಿಎಫ್, ವಾಟ್ಸಾಪ್ ಮಾತುಗಳು, ಗೇಟಿನ ರಸೀದಿ ಎಲ್ಲ ಜೋಡಿಸಿದ್ದೇವೆ. ಇದಕ್ಕೆ ಜಗ್ಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವುದೇ. ದೂರು ಹೋದ ಮೇಲೆ ಅವನಿಂದ ಒಂದು ಮೆಸೇಜ್ ಬಂದಿದೆ: ‘ಅಕ್ಕಾ, ಇಷ್ಟು ಚಿಕ್ಕ ವಿಷಯಕ್ಕೆ ಕಂಪ್ಲೇಂಟ್ ಯಾಕೆ?’ ಉತ್ತರ ಕೊಟ್ಟಿಲ್ಲ, ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದ್ದೇನೆ.