ಚಡ್ಡಿ ನೋಡಿ ಬಾಗಿಲಲ್ಲೇ ನಿಲ್ಲಿಸಿದ್ರು: ಗೋವಾ ರೆಸಾರ್ಟ್ ಒಂದರ ಫೈನ್ ಡೈನಿಂಗ್ ರಿವ್ಯೂ

ಮೊದ್ಲು ಮಾರ್ಕ್ಸ್ ಕೊಟ್ಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ದಿರೋರು ಇಷ್ಟಕ್ಕೇ ಬಿಡಬಹುದು. ಊಟಕ್ಕೆ 5ಕ್ಕೆ 4. ಸರ್ವೀಸ್‌ಗೂ 4. ಡ್ರೆಸ್ ಕೋಡ್ ಏನು ಅಂತ ಬರೋರಿಗೆ ಮುಂಚೆನೇ ತಿಳಿಸೋದ್ರಲ್ಲಿ ದೊಡ್ಡ ಸೊನ್ನೆ. ದಕ್ಷಿಣ ಗೋವಾದ ಒಂದು ಫೈವ್ ಸ್ಟಾರ್ ರೆಸಾರ್ಟ್, ಹೆಸರು ಬರೆಯಲ್ಲ, ಅಲ್ಲಿ ಬಾಗಿಲಲ್ಲಿ ನಿಂತಿದ್ದ ಹುಡುಗ ಪಾಪ ತುಂಬಾ ಒಳ್ಳೆಯವನು, ಅವನ ಕೆಲ್ಸಕ್ಕೆ ತೊಂದ್ರೆ ಆಗೋದು ನಂಗೆ ಬೇಡ.

ನಾವು ನಾಲ್ಕು ಜನ, ನಾನು, ಹೆಂಡ್ತಿ, ಒಂಬತ್ತು ವರ್ಷದ ಮಗ, ಸಾಗರದಿಂದ ಹತ್ತಿಸ್ಕೊಂಡ ಅಪ್ಪ. ಜೋಗದ ಮೇಲೆ ಹೊನ್ನಾವರಕ್ಕೆ ಇಳ್ದು, ಅಲ್ಲಿಂದ 66ನೇ ಹೈವೇ ಹಿಡ್ದು ಅಂಕೋಲ ಕಾರವಾರ ದಾಟ್ಕೊಂಡು ಹೋದ್ವಿ. ಈ ಕಥೆಗೆ ಮುಖ್ಯವಾದ ಘಟನೆ ನಡೆದಿದ್ದು ಕುಮಟಾ ಹತ್ರ, ಮಗ ಹಿಂದಿನ ಸೀಟಿಂದ ಮುಂದೆ ಬಗ್ಗಿ ಮಜ್ಜಿಗೆ ಬಾಟಲ್ ಕೊಡೋಕೆ ಹೋಗಿ ಮುಚ್ಚಳ ಕಳಚ್ಕೊಂಡು ಒಗ್ಗರಣೆ ಸಮೇತ ಅರ್ಧ ಲೀಟರ್ ಮಜ್ಜಿಗೆ ನನ್ನ ಜೀನ್ಸ್ ಮೇಲೆ. ಬೀಚ್‌ಗೆ ತಾನೆ ಹೋಗ್ತಿರೋದು ಅಂತ ನಾನು ಪ್ಯಾಕ್ ಮಾಡಿದ್ದು ಮೂರು ಶಾರ್ಟ್ಸ್, ನಾಲ್ಕು ಟೀ ಶರ್ಟ್, ಒಂದು ಒಳ್ಳೆ ಶರ್ಟು, ಅಷ್ಟೆ. ಪ್ಯಾಂಟ್ ಅಂತ ಇದ್ದಿದ್ದು ಮೈಮೇಲಿದ್ದ ಅದೊಂದೇ ಜೀನ್ಸು, ರೂಮಿಗೆ ಹೋದ ತಕ್ಷಣ ಲಾಂಡ್ರಿಗೆ ಕೊಟ್ಟೆ, ನಾಳೆ ಬೆಳಗ್ಗೆ ಕೊಡ್ತೀವಿ ಅಂದ್ರು.

ರೆಸಾರ್ಟ್‌ನಲ್ಲಿ ತಿನ್ನೋಕೆ ಮೂರು ಜಾಗ. ಬೆಳಗ್ಗೆ ಮಧ್ಯಾಹ್ನ ಬಫೆ ಇರೋ ದೊಡ್ಡ ಹಾಲ್, ಅಲ್ಲಿ ಒದ್ದೆ ಕೂದ್ಲಲ್ಲಿ ಹೋದ್ರೂ ಯಾರೂ ಕೇಳಲ್ಲ. ಮರಳ ಮೇಲೆ ಶ್ಯಾಕ್ ಥರ, ಅಂದ್ರೆ ಬೀಚ್ ಗುಡಿಸಲು ಹೋಟ್ಲ ಥರ ಒಂದು. ಮೂರನೇದು ಈ ದುಬಾರಿ ರೆಸ್ಟೋರೆಂಟು, ರಾತ್ರಿ ಮಾತ್ರ, ಮುಂಚೆ ಟೇಬಲ್ ಬುಕ್ ಮಾಡ್ಬೇಕು. ರಿಸೆಪ್ಷನ್‌ಗೆ ಫೋನ್ ಮಾಡಿ ಎಂಟು ಗಂಟೆಗೆ ಬುಕ್ ಮಾಡ್ದೆ. ವೆಜ್ಜಾ ನಾನ್‌ವೆಜ್ಜಾ, ಅಲರ್ಜಿ ಇದ್ಯಾ, ಬರ್ತ್‌ಡೇ ಇದ್ಯಾ, ಸಮುದ್ರದ ಕಡೆ ಟೇಬಲ್ ಬೇಕಾ, ಎಲ್ಲಾ ಕೇಳಿದ್ರು ಕಣ್ರೀ. ಪ್ಯಾಂಟ್ ಇದ್ಯಾ ಅಂತ ಒಬ್ರೂ ಕೇಳಲಿಲ್ಲ.

ಎಂಟಕ್ಕೆ ಹೋದ್ವಿ. ಹೆಂಡ್ತಿ ಕುರ್ತಾ ಪಲಾಜೋ, ಕಾಲಿಗೆ ಹೆಬ್ಬೆರಳು ಕಾಣೋ ಫ್ಯಾನ್ಸಿ ಚಪ್ಪಲಿ. ಅಪ್ಪ ಎಂದಿನಂತೆ ಬಿಳಿ ಶರ್ಟು, ಅಡ್ಡಪಂಚೆ, ತೊಗಲಿನ ಚಪ್ಪಲಿ. ಮಗ ಚಡ್ಡಿ. ನಾನು ಆ ಒಳ್ಳೆ ಶರ್ಟು, ಇಸ್ತ್ರಿ ಮಾಡಿದ್ದು, ಕೆಳಗೆ ಶಾರ್ಟ್ಸ್, ಅದೂ ಎರಡೂವರೆ ಸಾವಿರ ಕೊಟ್ಟು ತಗೊಂಡಿದ್ದ ಲಿನನ್ ಶಾರ್ಟ್ಸು, ಕಾಲಿಗೆ ಕ್ರಾಕ್ಸ್. ನಿಜ ಹೇಳ್ಬೇಕಂದ್ರೆ ನಂಗೆ ಒಳಗೊಳಗೆ ಅಪ್ಪಂದೇ ಯೋಚ್ನೆ ಇತ್ತು, ಪಂಚೆ ನೋಡಿ ಏನಾದ್ರೂ ಅಂದ್ಬಿಟ್ರೆ ಅಂತ. ಯಾಕಂದ್ರೆ ಇಂಥದ್ದು ಆಗಿದೆ ನಮ್ಮಲ್ಲಿ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರೋಡ್ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡೋಕೆ ಬಂದ ಹಾವೇರಿ ಕಡೆ ರೈತರೊಬ್ಬರನ್ನ ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡ್ಲಿಲ್ಲ, ಗಲಾಟೆ ಆಗಿ ಸರ್ಕಾರ ಆ ಮಾಲ್‌ನ 7 ದಿನ ಮುಚ್ಚಿಸ್ತು. ಅದಕ್ಕಿಂತ ಮುಂಚೆ 2014ರಲ್ಲಿ ಚೆನ್ನೈನ ಚೆಪಾಕ್ ಕ್ರಿಕೆಟ್ ಕ್ಲಬ್‌ನಲ್ಲಿ ಪುಸ್ತಕ ಬಿಡುಗಡೆಗೆ ಅಂತ ಹೋಗಿದ್ದ ಹೈಕೋರ್ಟ್ ಜಡ್ಜನ್ನೇ ವೇಷ್ಟಿ, ಅಂದ್ರೆ ಪಂಚೆ, ಉಟ್ಟಿದ್ದಾರೆ ಅಂತ ವಾಪಸ್ ಕಳ್ಸಿದ್ರು, ಜಡ್ಜು ಅಂದ್ರೆ ಜಡ್ಜು! ತಮಿಳ್ನಾಡಲ್ಲಿ ಆಮೇಲೆ ಅದೇ ವರ್ಷ ಕಾನೂನೇ ಬಂತು, ವೇಷ್ಟಿ ಉಟ್ಟೋರನ್ನ ಕ್ಲಬ್ಬು ತಡೆದ್ರೆ ಲೈಸೆನ್ಸ್ ರದ್ದು ಮಾಡಬಹುದು ಅಂತ. ಇವೆಲ್ಲ ತಲೇಲಿ ಇಟ್ಕೊಂಡು, ಅಪ್ಪನ್ನ ತಡೆದ್ರೆ ಇಂಗ್ಲಿಷಲ್ಲಿ ಏನೇನು ಹೇಳ್ಬೇಕು ಅಂತ ಲಿಫ್ಟ್‌ನಲ್ಲೇ ಎರಡು ಡೈಲಾಗ್ ರೆಡಿ ಮಾಡ್ಕೊಂಡಿದ್ದೆ.

ಡೈಲಾಗ್ ಬೇಕಾಗ್ಲೇ ಇಲ್ಲ. ಹುಡುಗ ಅಪ್ಪನ್ನ ನೋಡಿ ಕೈ ಮುಗಿದು, ಕಾರಿನ ನಂಬರ್ ನೋಡಿದ್ನೋ ನಮ್ಮ ಮಾತು ಕೇಳಿಸ್ಕೊಂಡ್ನೋ, "ಬನ್ನಿ ಸರ್, ನಂದು ಅಂಕೋಲ" ಅಂತ ಕನ್ನಡದಲ್ಲೇ ಶುರು ಮಾಡ್ದ. ಅಪ್ಪ ಒಳಗೆ. ಹೆಂಡ್ತಿ ಒಳಗೆ. ಮಗ ಒಳಗೆ, ಹನ್ನೆರಡು ವರ್ಷದ ಕೆಳಗಿನ ಮಕ್ಕಳಿಗೆ ರೂಲ್ ಇಲ್ವಂತೆ. ನನ್ನ ಸರದಿ ಬಂದಾಗ ಅವನ ಕಣ್ಣು ನನ್ನ ಮುಖದಿಂದ ಮೆಲ್ಲಗೆ ಕೆಳಗಿಳಿದು ಮಂಡಿ ಹತ್ರ ಒಂದ್ಸಲ ನಿಂತು, ಕ್ರಾಕ್ಸ್ ಹತ್ರ ಇನ್ನೊಂದ್ಸಲ ನಿಂತು, ಮತ್ತೆ ಮುಖಕ್ಕೆ ಬಂತು. "ಸರ್... ಸ್ವಲ್ಪ ಪ್ಯಾಂಟ್ ಹಾಕ್ಕೊಂಡು ಬರ್ತೀರಾ?"

ಸ್ವಲ್ಪ ಪ್ಯಾಂಟ್ ಹೆಂಗೆ ಹಾಕ್ಕೊಳೋದು ಅಂತ ಕೇಳ್ಬೇಕು ಅನ್ಸ್ತು, ಕೇಳ್ಲಿಲ್ಲ. ಡೆಸ್ಕ್ ಪಕ್ಕ ಒಂದು ಹಿತ್ತಾಳೆ ಫಲಕ ತೋರಿಸ್ದ, ಅಂಗೈಯಷ್ಟಗಲ, ಅದರಲ್ಲಿ ಸ್ಮಾರ್ಟ್ ಕ್ಯಾಶುವಲ್ ಅಂತ ಎರಡೇ ಪದ. ಅದರ ಅರ್ಥ ಏನಪ್ಪಾ ಅಂದ್ರೆ ಒಳಗಿಂದ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ತಂದ, ಅದರಲ್ಲಿ ಎಲ್ಲಾ ಇದೆ, ಸಂಜೆ 7 ಆದ್ಮೇಲೆ ಗಂಡಸ್ರಿಗೆ ಫುಲ್ ಪ್ಯಾಂಟು, ಕಾಲರ್ ಇರೋ ಶರ್ಟು, ಮುಚ್ಚಿದ ಶೂ, ಅಥವಾ ಭಾರತೀಯ ಸಾಂಪ್ರದಾಯಿಕ ಉಡುಪು. ಹೆಂಗಸ್ರಿಗೆ? ಎಲಿಗಂಟ್ ಅಂತೆ. ಅಷ್ಟೆ. ಪುಣ್ಯಾತ್ಮರು ಒಟ್ಟಾರೆ ರೂಲ್ ಮಾಡಿರೋದು ಗಂಡಸ್ರ ಮೀನಖಂಡ ಮತ್ತೆ ಕಾಲ್ಬೆರಳು ಇವೆರಡರ ಮೇಲೆ, ಮಿಕ್ಕಿದ್ದೇನೂ ಅವ್ರಿಗೆ ತಲೆನೋವಿಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿರೋ ಹಾಳೆನ ಡೆಸ್ಕ್ ಒಳಗೆ ಬಚ್ಚಿಟ್ಕೊಂಡು, ಯಾರಾದ್ರೂ ಸಿಕ್ಕಿಬಿದ್ದಾಗ ತೋರಿಸೋ ಬದ್ಲು ರೂಮಿನ ಟಿವಿ ಪಕ್ಕ ಇಟ್ಟಿದ್ರೆ ಆಗ್ತಿರ್ಲಿಲ್ವಾ.

ನಾನು ಡ್ರೆಸ್ ಕೋಡ್ ವಿರೋಧಿ ಅಲ್ಲ. ಇದನ್ನ ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಕೆಳಗೆ ಬಂದು ಬೈತೀರ. ಆ ಹುಡುಗನೇ ಆಮೇಲೆ ಹೇಳ್ದ, ಈಜುಕೊಳದಿಂದ ಸೀದಾ ಒದ್ದೆ ಚಡ್ಡಿಲಿ, ಸನ್‌ಸ್ಕ್ರೀನ್ ಜಿಡ್ಡಲ್ಲಿ ಬಂದು ಬಟ್ಟೆ ಹೊದಿಸಿದ ಕುರ್ಚಿ ಮೇಲೆ ಕೂತ್ಕೋತಾರೆ, ಮರಳು ಬೇರೆ, ಕಲೆ ಹೋಗಲ್ಲ ಅಂತ. ನ್ಯಾಯವಾದ ಮಾತು. ಪಕ್ಕದ ಟೇಬಲ್‌ನವರು ಆನಿವರ್ಸರಿಗೆ ಅಂತ ರೇಷ್ಮೆ ಸೀರೆ ಉಟ್ಕೊಂಡು ಬಂದಿರ್ತಾರೆ, ಅವ್ರ ಫೋಟೋ ಹಿಂದೆ ನನ್ನ ರೋಮದ ಕಾಲು ಯಾಕೆ. ಬೇರೆ ಕಡೆ ಇದಕ್ಕಿಂತ ಬಿಗಿ ಇದೆ, ಲಂಡನ್‌ನ ರಿಟ್ಜ್ ಹೋಟ್ಲಲ್ಲಿ ಮಧ್ಯಾಹ್ನದ ಟೀ ಕುಡಿಯೋಕೂ ಗಂಡಸ್ರು ಕೋಟು ಟೈ ಹಾಕ್ಬೇಕು, ಟೀಗೆ ಸ್ವಾಮಿ. ಮಾರಿಷಸ್‌ಗೆ ಹನಿಮೂನ್ ಹೋಗಿಬಂದವ್ರನ್ನ ಕೇಳಿ, ಅಲ್ಲೂ ಸುಮಾರು ರೆಸಾರ್ಟ್‌ಗಳಲ್ಲಿ ರಾತ್ರಿ ಊಟಕ್ಕೆ ಗಂಡ್ಸಿಗೆ ಉದ್ದ ಪ್ಯಾಂಟ್ ಕಡ್ಡಾಯ. ಆದ್ರೆ ಅವ್ರು ಬುಕಿಂಗ್ ಟೈಮಲ್ಲೇ ಬರೆದಿರ್ತಾರೆ. ಕೆರಿಬಿಯನ್ ಕಡೆ ದೊಡ್ಡ ದೊಡ್ಡ ರೆಸಾರ್ಟ್‌ಗಳಂತೂ ಯಾವ ರೆಸ್ಟೋರೆಂಟ್‌ಗೆ ಯಾವ ಬಟ್ಟೆ ಅಂತ ವೆಬ್‌ಸೈಟಲ್ಲೇ ಹಾಕಿರ್ತಾರೆ, ಮನೇಲಿ ಸೂಟ್‌ಕೇಸ್ ತೆರೆದಿರೋವಾಗ್ಲೇ ಗೊತ್ತಾಗುತ್ತೆ. ಇನ್ನು ಮಾಲ್ಡೀವ್ಸ್‌ನಲ್ಲಿ ಪೂರಾ ಉಲ್ಟಾ, 1995ರಲ್ಲಿ ಶುರುವಾದ ಸೊನೇವಾ ಫುಶಿ ರೆಸಾರ್ಟಲ್ಲಿ ಹೋದ ತಕ್ಷಣ ಶೂ ಬಿಚ್ಚಿಸಿ ಚೀಲಕ್ಕೆ ಹಾಕ್ತಾರೆ, ಆಮೇಲೆ ಬರಿಗಾಲು. ಒಂದು ರಾತ್ರಿ ರೂಮಿಗೆ ಲಕ್ಷಗಟ್ಲೆ ಕೊಟ್ಟು ಬರಿಗಾಲಲ್ಲಿ ಓಡಾಡೋದು, ನಮ್ಮಪ್ಪ ತೋಟದಲ್ಲಿ ಫ್ರೀಯಾಗಿ ಮಾಡೋ ಕೆಲ್ಸ ಅದು.

ಸರಿ, ನನ್ನ ಪಾಡು ಏನಾಯ್ತು ಅಂದ್ರೆ. ಹುಡುಗ ಒಂದು ಉಪಾಯ ಹೇಳ್ದ, ಹೋಟ್ಲಲ್ಲಿ ಇಂಥವ್ರಿಗೆ ಅಂತಲೇ ಎರಡು ಪ್ಯಾಂಟ್ ಇಟ್ಟಿದ್ದಾರಂತೆ. ತಂದ. ಒಂದು ಸೊಂಟ 30, ಇನ್ನೊಂದು 42. ನಂದು 36. ಮೂವತ್ತು ಮಂಡಿ ದಾಟ್ಲಿಲ್ಲ, ನಲವತ್ತೆರಡನ್ನ ಕೈಯಲ್ಲಿ ಹಿಡ್ಕೊಂಡೇ ಊಟ ಮಾಡ್ಬೇಕಿತ್ತು. ಬಿಡಿ, ರೂಮ್ ಸರ್ವೀಸ್‌ನಲ್ಲಿ ಏನಾದ್ರೂ ತರಿಸ್ಕೋತೀನಿ, ನೀವು ತಿನ್ನಿ ಅಂತ ಹೊರಟೆ. ಆಗ ಒಳಗೆ ಕೂತಿದ್ದ ಅಪ್ಪ ಎದ್ದು ಬಂದ್ರು.

"ಎಂತದಾ?"

"ಪ್ಯಾಂಟ್ ಬೇಕಂತೆ ಅಪ್ಪ."

"ನನ್ ಬ್ಯಾಗಲ್ಲಿ ಇನ್ನೊಂದು ಪಂಚೆ ಇದ್ಯಲ್ಲ ಮಾರಾಯ, ಬಾ."

ನಲವತ್ತೊಂದು ವರ್ಷ ವಯಸ್ಸು ನಂಗೆ, ಮದ್ವೇಲಿ ಪುರೋಹಿತ್ರು ಉಡಿಸಿದ್ದು ಬಿಟ್ರೆ ಪಂಚೆ ಉಟ್ಟೋನಲ್ಲ. ಉಟ್ರೂ ಅಂಗಡೀಲಿ ಸಿಗುತ್ತಲ್ಲ, ವೆಲ್ಕ್ರೋ ಹಾಕಿ ಜೇಬು ಕೊಟ್ಟಿರೋದು, ಅದು. ರೂಮಲ್ಲಿ ಅಪ್ಪ ಕನ್ನಡಿ ಮುಂದೆ ನಿಲ್ಲಿಸಿ, ಬಲಗಡೆ ಅಂಚು ಒಳಗೆ ತಂದು, ಎಡಗಡೆದು ಮೇಲೆ ಎಳೆದು, ಸೊಂಟದ ಹತ್ರ ಸುತ್ತಿ ಸಿಕ್ಕಿಸಿ, ಮೇಲೆ ನನ್ನ ಬೆಲ್ಟ್ ಬಿಗಿದ್ರು. "ಉಸ್ರು ಬಿಡು, ಹೊಟ್ಟೆ ಒಳಗೆ ಎಳ್ಕಂಡ್ರೆ ಆಮೇಲೆ ಜಾರ್ತದೆ" ಅಂದ್ರು. ನಾನು ನಿಜವಾಗ್ಲೂ ಹೊಟ್ಟೆ ಎಳ್ಕೊಂಡೇ ನಿಂತಿದ್ದೆ.

ಚಪ್ಪಲಿ ಸಮಸ್ಯೆ ಉಳೀತು. ಕ್ರಾಕ್ಸ್ ಆಗಲ್ಲ, ಅಪ್ಪನ ಚಪ್ಪಲಿ ಒಂದೇ ಜೊತೆ. ನನ್ನ ಹತ್ರ ಇದ್ದ ಮುಚ್ಚಿದ ಶೂ ಅಂದ್ರೆ ಬೆಳಗ್ಗೆ ಓಡೋಕೆ ಅಂತ ತಂದಿದ್ದ ಸ್ಪೋರ್ಟ್ಸ್ ಶೂ, ಗಿಳಿಹಸಿರು ಬಣ್ಣ, ಕಿತ್ತಳೆ ಲೇಸು. ಬಿಳಿ ಪಂಚೆ ಕೆಳಗೆ ಗಿಳಿಹಸಿರು ಶೂ ಹಾಕ್ಕೊಂಡು ಕಾರಿಡಾರ್‌ನಲ್ಲಿ ನಡ್ಕೊಂಡು ಬಂದೆ ನೋಡಿ, ಎದುರಿಗೆ ಸಿಕ್ಕ ಹೌಸ್‌ಕೀಪಿಂಗ್ ಹೆಂಗಸು ಗೋಡೆ ಕಡೆ ತಿರುಗಿಬಿಟ್ರು. ಆದ್ರೆ ಬಾಗಿಲಲ್ಲಿ ಹುಡುಗ ಹಾಳೆ ಪ್ರಕಾರ ಚೆಕ್ ಮಾಡ್ದ, ಸಾಂಪ್ರದಾಯಿಕ ಉಡುಪು ಸರಿ, ಕಾಲರ್ ಸರಿ, ಮುಚ್ಚಿದ ಶೂ ಸರಿ, ವೆಲ್ಕಮ್ ಸರ್. ಎರಡೂವರೆ ಸಾವಿರದ ಲಿನನ್ ಫೇಲು, ಈ ವೇಷ ಪಾಸು. ಹೋಗ್ತಾ ಕಿವಿ ಹತ್ರ ಮೆಲ್ಲಗೆ, "ಸರ್, ಮೇಲೆ ಮಡಚಿ ಮಾತ್ರ ಕಟ್ಬೇಡಿ ಆಯ್ತಾ, ಮ್ಯಾನೇಜರ್ ನೋಡಿದ್ರೆ ಅದೂ ಶಾರ್ಟ್ಸ್ ಲೆಕ್ಕ."

ಹೇಳಿದ್ದು ನಂಗೆ, ಕೇಳಿಸ್ಕೊಳ್ಳದೆ ಇದ್ದಿದ್ದು ಅಪ್ಪ. ಟೇಬಲ್ ಹತ್ರ ಎರಡು ಮೆಟ್ಲು ಇಳೀಬೇಕಿತ್ತು, ಅವ್ರು ಅಭ್ಯಾಸಬಲ, ಪಟ್ ಅಂತ ಪಂಚೆ ಎತ್ತಿ ಕಟ್ಟೇಬಿಟ್ರು.

ಒಳಗೆ ಹೋಗಿ ನೋಡಿದ್ರೆ ಕಿಟಕಿ ಪಕ್ಕ ಒಬ್ಬ ಆರಾಮಾಗಿ ಶಾರ್ಟ್ಸ್‌ನಲ್ಲಿ ಕೂತು ವೈನ್ ಕುಡೀತಿದ್ದಾನೆ. ನಂಗೆ ಉರಿದು ಹೋಯ್ತು, ಕೇಳಿದ್ರೆ, ಅವ್ರು ಆರೂವರೆಗೇ ಬಂದಿದ್ರು ಸರ್, ರೂಲು ಏಳರಿಂದ. ಇದಕ್ಕೆ ಏನಂತೀರ. ಬೇಗ ಬಂದು ಜಾಗ ಹಿಡಿದ್ರೆ ಹತ್ತು ಗಂಟೆವರೆಗೂ ಮಂಡಿ ಬಿಟ್ಕೊಂಡು ಕೂರಬಹುದು.

ಊಟದ ವಿಷ್ಯ. ಅಪ್ಪ ನಾನು ವೆಜ್ಜು, ಹೆಂಡ್ತಿ ಮಗ ಮೀನು. ಫೈನ್ ಡೈನಿಂಗ್‌ನಲ್ಲಿ ವೆಜ್ ಅಂದ್ರೆ ಪನೀರು ಮಶ್ರೂಮು ಇಷ್ಟೇ ಅಂದ್ಕೊಂಡಿದ್ದೆ, ಆದ್ರೆ ಇಲ್ಲಿ ಖಟ್‌ಖಟೆ ಇತ್ತು, ಗೋವಾದವ್ರು ಹಬ್ಬಕ್ಕೆ ಮಾಡೋ ತರಕಾರಿ ಸಾರು, ನಮ್ಮ ಕೂಟಿನ ದಾಯಾದಿ ಅನ್ಕೊಳಿ, ಗೆಡ್ಡೆ ಗೆಣಸು ತೆಂಗಿನಕಾಯಿ ಎಲ್ಲಾ ಹಾಕಿ. ಅಪ್ಪ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ್ರು, ನಾಲಿಗೆ ಮೇಲೆ ಆಡಿಸಿ, "ಇದು ಜುಮ್ಮನಕಾಯಿ ಅಲ್ವನಾ" ಅಂದ್ರು. ಹೌದು, ತೆಫಲ ಅಂತ ಅವ್ರು ಕರೆಯೋದು ಅದನ್ನೇ, ನಾಲಿಗೆ ಜುಮ್ಮೆನ್ನಿಸೋ ಕಾಯಿ, ನಮ್ಮ ಮನೇಲಿ ಅಜ್ಜಿ ಇದ್ದಾಗ ತಂಬುಳಿಗೆ ಹಾಕ್ತಿದ್ರು. ಶೆಫ್ ಬಂದು ಮಾತಾಡ್ಸಿ, ಅಪ್ಪ ಅವ್ರಿಗೆ ಬೀಜ ತೆಗೆದು ಸಿಪ್ಪೆ ಮಾತ್ರ ಒಣಗ್ಸಿ ಇಡೋದು ಹೆಂಗೆ ಅಂತ ಹತ್ತು ನಿಮಿಷ ಪಾಠ ಮಾಡಿದ್ರು, ಪಂಚೆ ಎತ್ತಿ ಕಟ್ಟಿದ್ದು ಹಂಗೇ ಇತ್ತು, ಯಾರೂ ಏನೂ ಅನ್ಲಿಲ್ಲ.

ಇಸ್ವಣ ಮೀನಿಗೆ ಗೋವಾದ ರೆಷಾದ್ ಮಸಾಲೆ ತುಂಬಿ ಹುರಿದಿದ್ದು ಹೆಂಡ್ತಿಗೆ ಇಷ್ಟ ಆಯ್ತು, ವಿನೆಗರ್ ಹುಳಿ ಸ್ವಲ್ಪ ಜಾಸ್ತಿ ಅಂದ್ಳು. ಪೊಯಿ ಅನ್ನೋ ಗೋವಾ ಬ್ರೆಡ್ಡು ಬಿಸಿಬಿಸಿ ತಂದ್ಕೊಟ್ರು. ಬೆಬಿಂಕಾ ಅನ್ನೋ ಸಿಹಿ ಪದರ ಪದರ ಚೆನ್ನಾಗಿ ಬಂದಿತ್ತು, ಆದ್ರೆ ಅದರ ಮೇಲೆ ಐಸ್‌ಕ್ರೀಮ್ ಇಟ್ಟು ಎಂತದೋ ಹೊಗೆ ಬಿಡೋದೆಲ್ಲ ಬೇಕಿರ್ಲಿಲ್ಲ. ಸೋಲ್‌ಕಡಿ (ಕೋಕಂ, ತೆಂಗಿನಹಾಲಿನ ಪಾನೀಯ) ನೀರು ನೀರು. ಬಿಲ್ಲು ಟ್ಯಾಕ್ಸ್ ಸೇರಿ 9,400. ರೂಮ್ ಬಾಡಿಗೆ ದಿನಕ್ಕೆ 7,500 ದಾಟೋ ಹೋಟ್ಲಾದ್ರಿಂದ ಊಟಕ್ಕೂ ಜಿಎಸ್‌ಟಿ 18% ಬೀಳುತ್ತೆ, ಹೊರಗಡೆ ಹೋಟ್ಲಿನ 5% ಅಲ್ಲ, ಇದು ಸುಮಾರು ಜನಕ್ಕೆ ಬಿಲ್ ನೋಡಿದ್ಮೇಲೇ ಗೊತ್ತಾಗೋದು. ಸರ್ವೀಸ್ ಚಾರ್ಜ್ ಹಾಕಿದ್ರು, ಬೇಡ ಅಂದೆ, ಮರುಮಾತಾಡ್ದೆ ತೆಗೆದ್ರು. ಅಂಕೋಲದ ಹುಡುಗನಿಗೆ ಕೈಯಲ್ಲೇ ಕೊಟ್ವಿ.

ಹೋಗೋರಿಗೆ ಹೇಳೋದಿಷ್ಟೆ, ಬೀಚ್ ಅಂದ್ಕೊಂಡು ಬರೀ ಚಡ್ಡಿ ತುಂಬ್ಕೊಂಡು ಹೋಗ್ಬೇಡಿ, ಒಂದು ಹತ್ತಿ ಪ್ಯಾಂಟು ಒಂದು ಶೂ ಬ್ಯಾಗಿನ ತಳದಲ್ಲಿ ಬಿದ್ದಿರ್ಲಿ, ಟೇಬಲ್ ಬುಕ್ ಮಾಡೋವಾಗ ನೀವೇ ಕೇಳಿ, ಅವ್ರಾಗಿ ಹೇಳಲ್ಲ. ಸ್ಮಾರ್ಟ್ ಕ್ಯಾಶುವಲ್ ಅಂದ್ರೆ ಸುಮ್ನೆ ತಲೆಯಾಡಿಸ್ಬೇಡಿ, ಮಂಡಿ ಕಾಣ್ಬೋದಾ, ಕಾಲ್ಬೆರಳು ಕಾಣ್ಬೋದಾ, ಎರಡೇ ಪ್ರಶ್ನೆ ಕೇಳಿ.

ಜೀನ್ಸ್ ಮಾರನೇ ದಿನ ಚೆಕ್‌ಔಟ್ ಆಗಿ ಕಾರ್ ಸ್ಟಾರ್ಟ್ ಮಾಡಿದ್ಮೇಲೆ ಓಡ್ಕೊಂಡು ತಂದುಕೊಟ್ರು, ಹ್ಯಾಂಗರ್‌ಗೆ ನೇತುಹಾಕಿ, ಪ್ಲಾಸ್ಟಿಕ್ ಕವರ್ ಹೊದಿಸಿ, ಗೆರೆ ಕೂರೋ ಹಾಗೆ ಇಸ್ತ್ರಿ ಬೇರೆ ಮಾಡಿದ್ರು. ಅಪ್ಪ ಹಿಂದಿನ ಸೀಟಿಂದ ನೋಡಿ, "ಅದಿರ್ಲಿ, ನನ್ ಪಂಚೆ ಎಲ್ಲಿಟ್ಟಿದೀಯ" ಅಂದ್ರು.