ಫ್ಲೋಟರ್‌ಗೆ ಯಾಗ್ ಲೇಸರ್: ಬಲಗಣ್ಣಿಗೆ ಸರಿಹೋಯಿತು, ಎಡಗಣ್ಣಿಗೆ ಬೇಡ ಅಂದರು

ಫ್ಲೋಟರ್‌ಗೆ ಲೇಸರ್ ಮಾಡಿಸಬಹುದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮದು ಯಾವ ಫ್ಲೋಟರ್? (ಫ್ಲೋಟರ್ ಅಂದರೆ ಕಣ್ಣೆದುರು ತೇಲುವ ಹಾಗೆ ಕಾಣುವ ಚುಕ್ಕಿ, ಎಳೆ, ಉಂಗುರ.) ನನ್ನ ಬಲಗಣ್ಣಲ್ಲಿ ಒಂದು ದಪ್ಪ ಉಂಗುರ ತೇಲುತ್ತಿತ್ತು. ಅದಕ್ಕೆ ಲೇಸರ್ ಮಾಡಿಸಿದೆ, ಮುಕ್ಕಾಲು ಭಾಗ ಹೋಯಿತು. ಎಡಗಣ್ಣಲ್ಲಿ ಇರುವುದು ಪಾರದರ್ಶಕವಾದ ಸಣ್ಣ ಎಳೆಗಳು. ಅದೇ ಡಾಕ್ಟರು, ಅದೇ ಮೆಷಿನ್ ಪಕ್ಕ ಕೂತು, ಇದಕ್ಕೆ ಬೇಡ ಅಂದರು. ಹಾಗಾಗಿ ಇದು ಎರಡೂ ಕಣ್ಣಿನ ರಿವ್ಯೂ.

ಸ್ವಲ್ಪ ಹಿನ್ನೆಲೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಕಣ್ಣುಗುಡ್ಡೆಯೊಳಗೆ ಲೆನ್ಸ್‌ಗೂ ಹಿಂದುಗಡೆ ಬೆಳಕು ಗ್ರಹಿಸುವ ಪದರವಾದ ರೆಟಿನಾಗೂ ನಡುವೆ ವಿಟ್ರಿಯಸ್ ಅನ್ನುವ ಜೆಲ್ ತುಂಬಿರುತ್ತದೆ. ಸುಮಾರು 4 ಮಿಲಿಲೀಟರ್, ಅದರಲ್ಲೂ ಶೇಕಡಾ 98ಕ್ಕಿಂತ ಜಾಸ್ತಿ ಬರೀ ನೀರು. ಅದಕ್ಕೆ ಜೆಲ್‌ನ ರೂಪ ಕೊಡುವುದು ಕೊಲಾಜನ್ ಅನ್ನುವ ಪ್ರೋಟೀನಿನ ತೆಳ್ಳನೆಯ ಎಳೆಗಳು. ವಯಸ್ಸಾಗುತ್ತಾ ಜೆಲ್ ನೀರಾಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ, ಆ ಗಂಟಿನ ನೆರಳು ರೆಟಿನಾ ಮೇಲೆ ಬೀಳುತ್ತದೆ. ನಮಗೆ ಕಾಣುವುದು ಆ ನೆರಳು. ಮೈನಸ್ ಪವರ್ ಜಾಸ್ತಿ ಇರುವವರಿಗೆ ಇದೆಲ್ಲಾ ಬೇಗನೇ ಶುರುವಾಗುತ್ತದೆ. ಬಿಳಿ ಗೋಡೆ, ಆಕಾಶ, ಕಂಪ್ಯೂಟರ್ ಸ್ಕ್ರೀನ್ ನೋಡುವಾಗ ಕಾಟ ಜಾಸ್ತಿ ಯಾಕೆಂದರೆ ಬೆಳಕಿಗೆ ಪಾಪೆ ಚಿಕ್ಕದಾಗುತ್ತದೆ, ನೆರಳು ಇನ್ನೂ ಚೂಪಾಗುತ್ತದೆ.

ಮುಂದೆ ಒಂದು ಹಂತದಲ್ಲಿ ಜೆಲ್ಲಿನ ಹಿಂಭಾಗ ರೆಟಿನಾದಿಂದ ಕಳಚಿಕೊಳ್ಳುತ್ತದೆ, ಡಾಕ್ಟರುಗಳು ಪಿವಿಡಿ ಅನ್ನುತ್ತಾರೆ. ಕಣ್ಣಿನ ನರ ಹೊರಡುವ ಜಾಗದ ಸುತ್ತ ಅಂಟಿಕೊಂಡಿದ್ದ ಭಾಗ ಉಂಗುರದ ಆಕಾರದಲ್ಲೇ ಕಿತ್ತು ಬಂದು ತೇಲುತ್ತದೆ. ಅದಕ್ಕೆ ವೈಸ್ ರಿಂಗ್ ಅಂತ ಹೆಸರು. ನನ್ನ ಬಲಗಣ್ಣಿನದು ಅದೇ. ಓದುವಾಗ ಸಾಲಿನ ಮೇಲೆ ಸೊಳ್ಳೆ ಕೂತ ಹಾಗೆ. ಕಣ್ಣು ತಿರುಗಿಸಿದರೆ ಅದೂ ತಿರುಗುತ್ತದೆ, ನಾವು ನಿಲ್ಲಿಸಿದರೆ ಅದು ತಕ್ಷಣ ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಹೋಗಿ, ಮತ್ತೆ ನಿಧಾನಕ್ಕೆ ಜಾರುತ್ತಾ ವಾಪಸ್ ಬರುತ್ತದೆ. ಓದುವುದೇ ಕೆಲಸ ಆದವರಿಗೆ ಇದು ಎಷ್ಟು ತಲೆನೋವು ಅನ್ನುವುದು ಇಲ್ಲದವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ ಬಿಡಿ.

ಇಲ್ಲೇ ಒಂದು ಮಾತು. ಒಮ್ಮೆಲೇ ಕಪ್ಪು ಚುಕ್ಕಿಗಳ ಮಳೆ ಸುರಿದರೆ, ಕಣ್ಣಂಚಲ್ಲಿ ಮಿಂಚು ಹೊಡೆದ ಹಾಗೆ ಕಂಡರೆ, ಅಥವಾ ಒಂದು ಕಡೆಯಿಂದ ಪರದೆ ಎಳೆದ ಹಾಗೆ ದೃಷ್ಟಿ ಮುಚ್ಚುತ್ತಾ ಬಂದರೆ ಈ ರಿವ್ಯೂ ಆಮೇಲೆ ಓದಿ, ಮೊದಲು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ರೆಟಿನಾ ಹರಿದಿರಬಹುದು, ಅದು ತಡ ಮಾಡುವ ವಿಷಯ ಅಲ್ಲ. ಹರಿದ ಜಾಗದ ಸುತ್ತ ಬೆಸುಗೆ ಹಾಕಲೂ ಲೇಸರನ್ನೇ ಬಳಸುತ್ತಾರೆ, ಆದರೆ ಅದೇ ಬೇರೆ ಲೇಸರ್, ಫ್ಲೋಟರ್ ಒಡೆಯುವುದೇ ಬೇರೆ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ.

ನಾನು ಮೊದಲು ವಿಚಾರಿಸಿದ ಕಡೆ, ಹೆಸರು ಬೇಡ, ಪಾಪೆ ದೊಡ್ಡದು ಮಾಡುವ ಡ್ರಾಪ್ಸ್ ಕೂಡ ಹಾಕದೆ ಎರಡು ಕಣ್ಣಿಗೂ ಸೇರಿಸಿ ಪ್ಯಾಕೇಜ್ ಹೇಳಿದರು. ಕೌನ್ಸೆಲರ್ ಅನ್ನುವವರು ಒಂದು ವಿಡಿಯೋ ತೋರಿಸಿದರು, ಕಪ್ಪು ಗಂಟು ಢಮ್ ಅಂತ ಮಾಯ ಆಗುವುದು. ಫ್ಲೋಟರ್ ರೆಟಿನಾದಿಂದ ಎಷ್ಟು ದೂರ ಇದೆ ಅಂತ ಕೇಳಿದ್ದಕ್ಕೆ, ಅದೆಲ್ಲಾ ಡಾಕ್ಟರು ಆವತ್ತು ನೋಡಿಕೊಳ್ಳುತ್ತಾರೆ ಸಾರ್ ಅಂದರು. ಅಲ್ಲಿಂದ ಎದ್ದು ಬಂದೆ.

ಎರಡನೇ ಕಡೆ ಪೂರ್ತಿ ಉಲ್ಟಾ. ಡ್ರಾಪ್ಸ್ ಹಾಕಿ ಕೂರಿಸಿ, ಸ್ಲಿಟ್ ಲ್ಯಾಂಪಲ್ಲಿ, ಅಂದರೆ ಕಣ್ಣು ನೋಡುವ ಮೈಕ್ರೋಸ್ಕೋಪಲ್ಲಿ ನೋಡಿ, ರೆಟಿನಾದ ಅಂಚೆಲ್ಲಾ ಹುಡುಕಿ, ಆಮೇಲೆ ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್. ಎಲ್ಲಾ ಮುಗಿದ ಮೇಲೂ ಇನ್ನು ಕೆಲವು ತಿಂಗಳು ಕಾಯಿರಿ ಅಂದರು! ಹೊಸದಾಗಿ ಪಿವಿಡಿ ಆದವರಲ್ಲಿ ಉಂಗುರ ತಾನಾಗೇ ಪಕ್ಕಕ್ಕೆ ಸರಿಯಬಹುದು, ಮೆದುಳೂ ನಿಧಾನಕ್ಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತದೆ. ಜಾಸ್ತಿ ಜನಕ್ಕೆ ಅಷ್ಟೇ ಸಾಕಾಗುತ್ತದಂತೆ. ನನಗೆ ಸಾಕಾಗಲಿಲ್ಲ.

ಈಗ ಲೇಸರ್ ಬಗ್ಗೆ. ಇದು ಎನ್‌ಡಿ-ಯಾಗ್, 1064 ನ್ಯಾನೋಮೀಟರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಕೆಲವೇ ನ್ಯಾನೋಸೆಕೆಂಡ್ ಹೊಡೆತ, ಶಕ್ತಿ ಕೆಲವು ಮಿಲಿಜೂಲ್ ಅಷ್ಟೇ, ಆದರೆ ಒಂದು ಸೂಜಿಮೊನೆ ಜಾಗದಲ್ಲಿ ಸೇರುವುದರಿಂದ ಅಲ್ಲಿದ್ದ ಕೊಲಾಜನ್ ಒಡೆದು ಆವಿಯಾಗಿ ಗುಳ್ಳೆಯಾಗುತ್ತದೆ. ಕಣ್ಣಿಗೆ ಯಾಗ್ ಬಳಸುವುದು 1980ರ ದಶಕದ ಶುರುವಿನಿಂದಲೂ ಇದೆ, ಫ್ರಾನ್ಸ್‌ನ ಡೇನಿಯಲ್ ಅರೋನ್-ರೋಸಾ ಮತ್ತು ಸ್ವಿಟ್ಜರ್ಲೆಂಡ್‌ನ ಫ್ರಾಂಜ್ ಫಾಂಕ್‌ಹೌಸರ್ ಅವರ ಕೆಲಸದಿಂದ. ಪೊರೆ ಆಪರೇಷನ್ ಆದಮೇಲೆ ಮತ್ತೆ ಮಸುಕಾದರೆ ಹೊಡೆಯುವ ಲೇಸರ್ ಇದೇ ಜಾತಿಯದು. ಆದರೆ ಆ ಕೆಲಸದ ಹಳೆಯ ಮೆಷಿನ್‌ಗಳಲ್ಲಿ ಬೆಳಕು ಓರೆಯಿಂದ ಬರುತ್ತದೆ, ಕಣ್ಣಿನ ಆಳದಲ್ಲಿರುವುದು ಸರಿಯಾಗಿ ಕಾಣುವುದಿಲ್ಲ. ಫ್ಲೋಟರ್‌ಗೆ ಅಂತ ಮಾಡಿದ ಎಲೆಕ್ಸ್ ಕಂಪನಿಯ ಅಲ್ಟ್ರಾ ಕ್ಯೂ ರಿಫ್ಲೆಕ್ಸ್ ಥರದ ಮೆಷಿನ್‌ಗಳಲ್ಲಿ ಡಾಕ್ಟರ ನೋಟ, ಬೆಳಕು, ಲೇಸರ್ ಮೂರೂ ಒಂದೇ ದಾರಿಯಲ್ಲಿ ಹೋಗುತ್ತವೆ. ಹಾಗಾಗಿ ಗಂಟು ಎಷ್ಟು ಆಳದಲ್ಲಿದೆ, ಹಿಂದೆ ರೆಟಿನಾ ಎಷ್ಟು ದೂರ ಅನ್ನುವುದು ಗೊತ್ತಾಗುತ್ತದೆ. ವಿಚಾರಿಸುವಾಗ ಮೆಷಿನ್ ಯಾವುದು ಅಂತ ಕೇಳಿ, ಸಂಕೋಚ ಬೇಡ.

ಆವತ್ತು ಏನಾಯಿತು ಅಂದರೆ: ಪಾಪೆ ದೊಡ್ಡದು ಮಾಡುವ ಡ್ರಾಪ್ಸ್, ಕಣ್ಣೊಳಗಿನ ಒತ್ತಡ ಏರದಿರಲು ಇನ್ನೊಂದು, ಮರಗಟ್ಟಲು ಇನ್ನೊಂದು. ಆಮೇಲೆ ಗಲ್ಲ ಸ್ಟ್ಯಾಂಡ್ ಮೇಲೆ ಇಟ್ಟು, ಹಣೆ ಪಟ್ಟಿಗೆ ಒತ್ತಿ ಕೂರಬೇಕು. ಲೋಳೆ ಹಚ್ಚಿದ ಒಂದು ದಪ್ಪ ಲೆನ್ಸನ್ನು ನೇರ ಕಣ್ಣಿನ ಮೇಲೇ ಇಡುತ್ತಾರೆ, ರೆಪ್ಪೆ ಮುಚ್ಚೋಕೆ ಆಗುವುದಿಲ್ಲ, ಲೋಳೆ ಕೆನ್ನೆ ಮೇಲೆ ಇಳಿಯುತ್ತಾ ಇರುತ್ತದೆ, ಒರೆಸಿಕೊಳ್ಳುವ ಹಾಗಿಲ್ಲ. ನೋವು ಇಲ್ಲ. ಕೆಂಪು ಗುರಿಬೆಳಕು ಓಡಾಡುವುದು ಕಾಣುತ್ತದೆ, ಪ್ರತಿ ಹೊಡೆತಕ್ಕೂ ಟಕ್ ಅಂತ ಸದ್ದು. ಒಂದು ಸಿಟ್ಟಿಂಗಲ್ಲಿ ನೂರಾರು ಹೊಡೆತ ಸಾಮಾನ್ಯ. ಡಾಕ್ಟರು ಆಗಾಗ "ಮೇಲೆ ನೋಡಿ, ಈಗ ನೇರ ನೋಡಿ, ಅಲ್ಲಾಡಬೇಡಿ" ಅನ್ನುತ್ತಿದ್ದರು, ಉಂಗುರ ತೇಲುತ್ತಾ ಗುರಿ ತಪ್ಪಿಸಿಕೊಂಡಾಗೆಲ್ಲಾ ನಿಲ್ಲಿಸುತ್ತಿದ್ದರು. ಆ ನಿಲ್ಲಿಸುವಿಕೆಗೇ ನಾನು ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ.

ಮಜಾ ಇರುವುದು ಗುಳ್ಳೆಯಲ್ಲಿ. ಹೊಡೆತ ಬಿದ್ದಾಗ ಹುಟ್ಟುವ ಗುಳ್ಳೆಗಳು ಕಣ್ಣೊಳಗೆ ಮೇಲಕ್ಕೆ ಏರುತ್ತವೆ, ಆದರೆ ರೆಟಿನಾ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ನಮಗೆ ಕಾಣುವುದು ಕಪ್ಪು ಮಣಿಗಳು ಪಟಪಟ ಕೆಳಗೆ ಬೀಳುವ ಹಾಗೆ. ಮನೆಗೆ ಬಂದ ಮೇಲೂ ನೋಟದ ಕೆಳಗಂಚಲ್ಲಿ ಅವು ಕೂತಿದ್ದವು, ಮಾರನೇ ದಿನಕ್ಕೆ ಇರಲಿಲ್ಲ. ಯಾರೂ ಮೊದಲೇ ಹೇಳದಿದ್ದರೆ ಗಾಬರಿ ಆಗುವುದು ಖಂಡಿತ.

ಒಂದೇ ಸಿಟ್ಟಿಂಗಲ್ಲಿ ಮುಗಿಯಲಿಲ್ಲ. ಉಂಗುರ ತುಂಡಾಗಿ ಮೊದಲು ಅರ್ಧಚಂದ್ರ ಥರ ಆಯಿತು, ಮುಂದಿನ ಬಾರಿಗೆ ಮಸುಕು ಚೂರುಗಳಾದವು. ಈಗಲೂ ಬಿಸಿಲಲ್ಲಿ ನಿಂತು ಆಕಾಶ ನೋಡಿದರೆ ಬೂದು ಬಣ್ಣದ ಹೊಗೆ ಇದೆ. ಓದುವಾಗ ಸಾಲಿನ ಮೇಲೆ ಏನೂ ಇಲ್ಲ. ನನಗೆ ಬೇಕಿದ್ದದ್ದು ಅಷ್ಟೇ.

ಎಲ್ಲರಿಗೂ ಹೀಗೇ ಆಗುತ್ತದಾ? ಇಲ್ಲ. ಚಿರಾಗ್ ಶಾ ಮತ್ತು ಜೆಫ್ರಿ ಹೈಯರ್ ಅನ್ನುವ ಕಣ್ಣಿನ ಡಾಕ್ಟರುಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 52 ಜನ ಇದ್ದರು, 36 ಜನಕ್ಕೆ ನಿಜವಾದ ಲೇಸರ್, 16 ಜನಕ್ಕೆ ಸುಮ್ನೆ ಲೇಸರ್ ಥರ ನಾಟಕ. ಆರು ತಿಂಗಳ ನಂತರ ಕಾಟ ಎಷ್ಟು ಕಮ್ಮಿಯಾಯಿತು ಅಂತ ಕೇಳಿದಾಗ ಲೇಸರ್ ಗುಂಪಲ್ಲಿ ಶೇಕಡಾ 54ರಷ್ಟು ಸುಧಾರಣೆ, ನಾಟಕದ ಗುಂಪಲ್ಲಿ 9. ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಸೇರಿಸಿಕೊಂಡಿದ್ದೇ ವೈಸ್ ರಿಂಗ್ ಇದ್ದವರನ್ನು ಮಾತ್ರ. ಜಾಹೀರಾತಿನಲ್ಲಿ 54 ಬರುತ್ತದೆ, ಆ ಷರತ್ತು ಬರುವುದಿಲ್ಲ. 2002ರ ಇನ್ನೊಂದು ಅಧ್ಯಯನದಲ್ಲಂತೂ ಲೇಸರ್ ಮಾಡಿಸಿದವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ ಮಧ್ಯಮ ಮಟ್ಟದ ಉಪಯೋಗ ಆಗಿತ್ತು.

ಎಡಗಣ್ಣಿಗೆ ಬರೋಣ. ರೆಟಿನಾಗೆ ಹತ್ತಿರ ಇದ್ದಷ್ಟೂ ನೆರಳು ಚೂಪು. ಹಾಗಾಗಿ ಹುಳುವಿನ ಥರ ಸ್ಪಷ್ಟವಾಗಿ ಕಾಣುವ ಆ ಗಾಜಿನ ಎಳೆಗಳು, ಅದೂ ವಯಸ್ಸು ಕಮ್ಮಿ ಇರುವವರಲ್ಲಿ, ಹೆಚ್ಚಾಗಿ ರೆಟಿನಾ ಪಕ್ಕದಲ್ಲೇ ಇರುತ್ತವೆ. ನಮಗೆ ಎದ್ದು ಕಾಣುವುದು ಡಾಕ್ಟರಿಗೆ ಹುಡುಕಿದರೂ ಸಿಗುವುದಿಲ್ಲ, ಸಿಕ್ಕಿದರೂ ಅಲ್ಲಿ ಹೊಡೆಯುವ ಹಾಗಿಲ್ಲ, ಸ್ವಲ್ಪ ಆಚೀಚೆ ಆದರೆ ರೆಟಿನಾಗೇ ಏಟು. ಮುಂದುಗಡೆ ಲೆನ್ಸ್‌ಗೆ ತಾಗಿದರೆ ಪೊರೆ ಬರುತ್ತದೆ. ಕಣ್ಣಿನ ಒತ್ತಡ ಏರಿದ್ದು, ರೆಟಿನಾ ಹರಿದದ್ದು, ಫ್ಲೋಟರೇ ಜಾಸ್ತಿ ಆದದ್ದು, ಎಲ್ಲವೂ ವರದಿಯಾಗಿವೆ. "ನಿಮಗೆ ಹಿಂಸೆ ಆಗ್ತಿದೆ ಅಂತ ನಂಬ್ತೀನಿ, ಆದರೆ ಇದನ್ನ ಲೇಸರ್‌ನಿಂದ ಮುಟ್ಟಲ್ಲ" ಅಂದರು ಡಾಕ್ಟರು. ಬಾಗಿಲಿಗೆ ಬಂದ ದುಡ್ಡನ್ನು ವಾಪಸ್ ಕಳಿಸಿದವರು, ಅದಕ್ಕೇ ಬಲಗಣ್ಣಿನ ಬಗ್ಗೆ ಅವರು ಹೇಳಿದ್ದನ್ನು ನಂಬಿದೆ.

ಬೇರೆ ದಾರಿ ಇಲ್ಲವೇ ಅಂದರೆ ವಿಟ್ರೆಕ್ಟಮಿ ಇದೆ. ಕಣ್ಣಿನ ಬಿಳಿಭಾಗದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ಮೂರು ತೂತು, ಜೆಲ್ಲನ್ನೇ ಕತ್ತರಿಸಿ ಹೀರಿ ತೆಗೆದು ಉಪ್ಪುನೀರಿನ ದ್ರಾವಣ ತುಂಬುತ್ತಾರೆ. ಫ್ಲೋಟರ್ ಹೋಗುವುದರಲ್ಲಿ ಲೇಸರ್ ಇದರ ಹತ್ತಿರಕ್ಕೂ ಬರುವುದಿಲ್ಲ, ಆ 2002ರ ಅಧ್ಯಯನದಲ್ಲೇ ವಿಟ್ರೆಕ್ಟಮಿ ಆದ 15 ಕಣ್ಣುಗಳಲ್ಲಿ ಶೇಕಡಾ 93ಕ್ಕೆ ಪೂರ್ತಿ ಹೋಗಿತ್ತು. ಆದರೆ ಇದು ನಿಜವಾದ ಆಪರೇಷನ್. ಐವತ್ತು ದಾಟಿದವರಿಗೆ ಒಂದೆರಡು ವರ್ಷದಲ್ಲಿ ಪೊರೆ ಬರುವುದು ಬಹಳ ಸಾಮಾನ್ಯ, ರೆಟಿನಾ ಕಳಚುವುದು, ಸೋಂಕು ಆಗುವುದು ಅಪರೂಪ ಆದರೂ ಉಂಟು. ಎಡಗಣ್ಣಿನ ಎಳೆಗಳಿಗೋಸ್ಕರ ನಾನು ಅಷ್ಟು ದೂರ ಹೋಗುವುದಿಲ್ಲ. ಹೊರಗೆ ಹೋಗುವಾಗ ಕೂಲಿಂಗ್ ಗ್ಲಾಸ್, ಸ್ಕ್ರೀನ್‌ಗೆ ಡಾರ್ಕ್ ಮೋಡ್, ಸದ್ಯಕ್ಕೆ ಇಷ್ಟೇ. ಫ್ಲೋಟರ್ ಕರಗಿಸುತ್ತೇವೆ ಅಂತ ಮಾರುವ ಮಾತ್ರೆಗಳಿಗೆ ಒಂದು ಸ್ಟಾರ್ ಕೂಡ ಕೊಡಲಾರೆ.

ಲೇಸರ್ ಮಾಡಿಸಿದ ಕಡೆಯ ಬಗ್ಗೆ ನನ್ನ ಒಂದೇ ತಕರಾರು ಬಿಲ್ಲಿನದು. ಪ್ರತಿ ಸಿಟ್ಟಿಂಗ್‌ಗೂ ಬೇರೆ ದುಡ್ಡು ಅನ್ನುವುದನ್ನು ಮೊದಲ ಸಿಟ್ಟಿಂಗ್ ಮುಗಿದ ಮೇಲೆ ಹೇಳಿದರು. ಒಂದಕ್ಕೇ ಮುಗಿಯದಿದ್ದರೆ ಮುಂದಿನದಕ್ಕೆ ಎಷ್ಟು, ನಂತರದ ಚೆಕಪ್ ಅದರಲ್ಲೇ ಸೇರಿದೆಯಾ, ಒತ್ತಡ ಏರಿದರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ದುಡ್ಡು ಕಟ್ಟುವ ಮೊದಲೇ ಬರೆಸಿಕೊಳ್ಳಿ.